ಹದಿನೇಳನೇ ಪುಟದಿಂದ

ಈ ಪುಸ್ತಕ ಮೊಮ್ಮಗಳದು, ಮೂರನೇ ತರಗತಿಯ ಗಣಿತ.
ಮೊದಲ ಹದಿನಾರು ಪುಟ ಅವಳ ಕೂಡುವ ಕಳೆಯುವ ಲೆಕ್ಕ,
ಕೆಂಪು ಶಾಯಿಯಲ್ಲಿ ಸರಿ, ತಪ್ಪು.
ಹದಿನೇಳರಿಂದ ನನ್ನದು:
ದುಲಮ್ಸುರೆನಳ ವಕೀಲರಿಗೆಂದು ಬಂದದ್ದು, ಹೋದದ್ದು.
ಇಲ್ಲಿ ಸರಿ ತಪ್ಪು ಹಾಕುವವರು ಇನ್ನೂ ಬಂದಿಲ್ಲ.

ಉಲಾನ್‌ಬಾತರಿನ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ
ಚಿಲ್ಲರೆ ಎಣಿಸಿದ ಕೈ ಇದು. ಕಾರ್ಡು ಬಂತು, ಕೈ ಬಿಡುವಾಯಿತು.
ಅದಕ್ಕೇ ನನಗೊಪ್ಪಿಸಿದರು:
"ಪುಂತ್ಸಗ್, ನೋಟು ಮುಟ್ಟಿದರೆ ಸಾಕು,
ಯಾರ ಜೇಬಿನದೆಂದು ನಿನಗೆ ಗೊತ್ತಾಗುತ್ತದೆ."
ಗೊತ್ತಾಗುತ್ತದೆ.
ಕಲ್ಲಿದ್ದಲ ಮಸಿ ಮೆತ್ತಿದ್ದು ಗುಡ್ಡದ ಮೇಲಿನವರದು,
ಕೊಬ್ಬಿನ ವಾಸನೆಯದು ಮಾಂಸದಂಗಡಿ ಇಚಿನ್‌ಹೊರ್ಲೋದು,
ಗರಿಗರಿ ಇದ್ದು, ಹೆಸರು ಬರೆಯಬೇಡ ಅಂದದ್ದು
ಸರ್ಕಾರಿ ನೌಕರನದು.

ಅವಳು ಮಾಡಿದ್ದು ಒಲೆ.
ತನ್ನ ಹೊಗೆಯನ್ನು ತಾನೇ ಇನ್ನೊಮ್ಮೆ ಉರಿಸಿ ನುಂಗುವ ಒಲೆ.
ಹಳೇ ರೈಲು ಷೆಡ್ಡು, ಒಂಬತ್ತು ಜನ, ಸಾಲದ ವೆಲ್ಡಿಂಗ್ ಯಂತ್ರ.
ನಮ್ಮ ಉಣ್ಣೆಯ ಗುಡಾರಕ್ಕೆ ಅದು ಬಂದ ರಾತ್ರಿ
ಹುಡುಗಿ ಕೆಮ್ಮದೆ ಮಲಗಿದಳು.
ಕೆಮ್ಮು ಕೇಳದೆ ನನಗೆ ನಿದ್ದೆ ಹತ್ತಲಿಲ್ಲ,
ಎರಡು ಸಲ ಎದ್ದು ಉಸಿರಿದೆಯಾ ಎಂದು ನೋಡಿದೆ.

ಎರಡು ಸಾವಿರ ಒಲೆಗೆ ಸರ್ಕಾರದ ಸಾಲ.
ಕೊಟ್ಟದ್ದು ಸಾವಿರದ ನೂರ ನಲವತ್ತು.
ಉಳಿದವಕ್ಕೆ ಬೇಕಿದ್ದ ತಗಡು
ಗಡಿಯ ಸುಂಕದ ಕಟ್ಟೆಯಲ್ಲಿ ಏಳು ತಿಂಗಳು ತುಕ್ಕು ತಿಂದಿತು.
ಒಪ್ಪಂದ ಇದನ್ನು ತಡ ಎನ್ನುತ್ತದೆ, ದಿನಕ್ಕಿಷ್ಟು ದಂಡ ಎನ್ನುತ್ತದೆ.
ದಂಡ ಕಟ್ಟಿದಳು. ರಸೀದಿ ಇದೆ.
ಪ್ರಾಸಿಕ್ಯೂಟರು ಇದನ್ನೇ ವಂಚನೆ ಎಂದರು.
ಬದಲಾದದ್ದು ಒಂದು ಪದ. ಆ ಪದಕ್ಕೆ ಎಂಟು ವರ್ಷ.
ಅವಳನ್ನು ಒಯ್ದ ಮರುವಾರ ಟೆಂಡರು ಇನ್ನೊಬ್ಬರಿಗೆ ಹೋಯಿತು.
ಯಾರಿಗೆ ಎನ್ನುವಷ್ಟರಲ್ಲಿ ವಕೀಲ ಬ್ಯಾಂಬದೋರ್ಜ್ ಕೈ ಅಡ್ಡ ಹಿಡಿದ:
"ಸಾಕ್ಷಿ ಇಲ್ಲದ್ದನ್ನು ಪುಸ್ತಕಕ್ಕೆ ಹತ್ತಿಸಬೇಡಿ."
ಹತ್ತಿಸಲಿಲ್ಲ. ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.

ಹನಿಗೂಡಿದರೆ ಹಳ್ಳವಂತೆ.
ಇಲ್ಲಿ ಮೈನಸ್ ಮೂವತ್ತೆರಡು, ಹನಿ ಕೂಡುವ ಮೊದಲೇ ಕಲ್ಲಾಗುತ್ತದೆ.
ಕಲ್ಲನ್ನೇ ಜೋಡಿಸುತ್ತಿದ್ದೇನೆ.
ಹಾಲಿನ ಮುದುಕಿ: ಮೂರು ಸಾವಿರ ತುಗ್ರಿಕ್.
ಓದು ಬಾರದವಳು ರಸೀದಿ ಕೇಳಿ ಪಡೆದು
ಟೋಪಿಯ ಮಡಿಕೆಯೊಳಗೆ ಇಟ್ಟುಕೊಂಡಳು.
ವೆಲ್ಡರ್ ನ್ಯಾಮ್‌ದವಾ: ತನ್ನ ಕಪ್ಪು ಗಾಜಿನ ಮುಖವಾಡ,
ಮಾರಿಕೋ ಅಂದ. ಮಾರಿಲ್ಲ, ಮೊಳೆಗೆ ತೂಗುಹಾಕಿದೆ,
ರಾತ್ರಿ ಯಾರೋ ನಿಂತಂತೆ ಕಾಣುತ್ತದೆ.
ಒಬ್ಬ ಜೀವಂತ ಕುರಿಯನ್ನೇ ಎಳೆದು ತಂದ.
ವಕೀಲ ಕುರಿಯನ್ನು ನೋಡಿದ, ಕುರಿ ವಕೀಲನನ್ನು ನೋಡಿತು.

ಅವಳು ತಪ್ಪೇ ಮಾಡಿಲ್ಲವೆಂದು ನಾನು ಆಣೆ ಇಡಲಾರೆ.
ಒಂದು ಕಾಗದಕ್ಕೆ ಓದದೆ ಸಹಿ ಹಾಕಿದ್ದಾಳೆ.
ನಲವತ್ತು ಒಲೆಗಳ ಬಾಗಿಲು ಸರಿ ಕೂರುತ್ತಿರಲಿಲ್ಲ,
ನಮ್ಮದೂ ಅದರಲ್ಲೊಂದು. ಬೈದಿದ್ದೇನೆ ಕೂಡ.
ಆದರೆ ಸಡಿಲ ಬಾಗಿಲಿಗೆ ತಂತಿ ಸಾಕು.
ಕೋಳ ಬೇಕಿರಲಿಲ್ಲ.

ಮೂರನೇ ಸಲ ವಿಚಾರಣೆ ಮುಂದೆ ಹೋದ ದಿನ
ಗಾಜಿನಾಚೆ ಫೋನು ಹಿಡಿದು ಕೂತಿದ್ದಳು, ಕೂದಲು ಕತ್ತರಿಸಿತ್ತು.
ಕುರಿಯ ಕತೆ ಹೇಳಿದೆ. ನಕ್ಕಳು, ಕೆಮ್ಮಿದಳು.
ಲೆಕ್ಕ ಒಪ್ಪಿಸಲು ಪುಸ್ತಕ ತೆರೆದರೆ ಕೈ ಆಡಿಸಿ ಬೇಡವೆಂದಳು.
"ನಿಮ್ಮ ಒಲೆಯ ಬಾಗಿಲು?"
ತಂತಿ ಕಟ್ಟಿದ್ದೇನೆ, ಅಂದೆ.
"ತಂತಿ ಬಿಚ್ಚಿ. ಕೆಳಗಿನ ತಿರುಪು ಎಡಕ್ಕೆ ಅರ್ಧ ಸುತ್ತು. ಅರ್ಧವೇ, ಹೆಚ್ಚು ಬೇಡ."
ಅಷ್ಟರಲ್ಲಿ ಹೊತ್ತು ಮುಗಿಯಿತು, ಫೋನು ಸತ್ತಿತು,
ಅವಳ ಬೆರಳು ಗಾಜಿನ ಮೇಲೆ ಇನ್ನೂ ತಿರುಪು ತಿರುಗಿಸುತ್ತಿತ್ತು.

ಮನೆಗೆ ಬಂದು ತಿರುಗಿಸಿದೆ.
ಕೂತಿತು.
ಇದನ್ನು ಯಾವ ಕಡೆ ಬರೆಯಲಿ ಎಂದು ಹೊತ್ತು ಹೋಯಿತು.
ಬಂದದ್ದರಲ್ಲಿ ಬರೆದೆ.